ವಿಧಿ ಮೊದಲೇ ನಿಶ್ಚಯವಾಗಿದ್ದರೆ ಈನಿಯಾಸನ ವೀರತನ ಎಲ್ಲಿದೆ?

ಹೊಸ ಓದುಗ:

ವರ್ಜಿಲ್ ಕವಿಯ ಈನಿಯಡ್ ಮಹಾಕಾವ್ಯವನ್ನು ಅನುವಾದದಲ್ಲಿ ಮೊದಲ ಬಾರಿಗೆ ಪೂರ್ತಿಯಾಗಿ ಓದಿ ಮುಗಿಸಿದ್ದೇನೆ. ಹನ್ನೆರಡು ಸರ್ಗಗಳ, ಹತ್ತು ಸಾವಿರ ಸಾಲುಗಳಿಗೆ ತುಸು ಕಡಿಮೆಯಾದ ಈ ಕೃತಿಯನ್ನು ಓದುವಷ್ಟು ದಿನವೂ ಒಂದೇ ಪ್ರಶ್ನೆ ಬೆನ್ನು ಬಿಡಲಿಲ್ಲ. ಲ್ಯಾಟಿನ್ ಬಲ್ಲವರೂ ರೋಮಿನ ಕಾವ್ಯಪರಂಪರೆಯನ್ನು ಹತ್ತಿರದಿಂದ ಓದಿದವರೂ ಇಲ್ಲಿ ಕೆಲವರಿದ್ದೀರೆಂಬ ಧೈರ್ಯದಿಂದ ಅದನ್ನು ಮುಂದಿಡುತ್ತಿದ್ದೇನೆ.

ಕಾವ್ಯದ ಎರಡನೆಯ ಸಾಲು ಮುಗಿಯುವುದರೊಳಗೆ ನಾಯಕನು, ಅಂದರೆ ಬಿದ್ದುಹೋದ ಟ್ರಾಯ್ ನಗರದಿಂದ ಇಟಲಿಗೆ ಹೊರಟ ಈನಿಯಾಸನು, ವಿಧಿಯ ದೆಸೆಯಿಂದ ನೆಲೆ ತಪ್ಪಿದವನೆಂದು ನಮಗೆ ತಿಳಿಯುತ್ತದೆ. ಮೊದಲ ಸರ್ಗದಲ್ಲಿಯೇ ದೇವತೆಗಳ ರಾಜ ಜುಪಿಟರ್ ತನ್ನ ಮಗಳೂ ಈನಿಯಾಸನ ತಾಯಿಯೂ ಆದ ವೀನಸಳನ್ನು ಸಮಾಧಾನಪಡಿಸಲು ಮುಂದೆ ನಡೆಯಲಿರುವುದನ್ನೆಲ್ಲ ಲೆಕ್ಕ ಹಾಕಿದಂತೆ ಹೇಳಿಬಿಡುತ್ತಾನೆ. ಈನಿಯಾಸ್ ಇಟಲಿಯಲ್ಲಿ ದೊಡ್ಡ ಯುದ್ಧವನ್ನು ಗೆದ್ದು 3 ವರ್ಷ ಆಳುತ್ತಾನೆ; ಅವನ ಮಗ 30 ವರ್ಷ ಆಳುತ್ತಾನೆ; ಆಲ್ಬಾ ಲಾಂಗಾದಲ್ಲಿ ಅವನ ಕುಲ 300 ವರ್ಷ ಬಾಳುತ್ತದೆ; ಆಮೇಲೆ ರೊಮುಲಸ್ ಹುಟ್ಟುತ್ತಾನೆ; ರೋಮನರಿಗೆ ದೇಶದ ಎಲ್ಲೆಯೂ ಕಾಲದ ಎಲ್ಲೆಯೂ ಇಲ್ಲದ ಸಾಮ್ರಾಜ್ಯ ದೊರೆಯುತ್ತದೆ. ಫಲ ಇಷ್ಟು ಖಚಿತವಾಗಿರುವಾಗ ನಾಯಕನ ಪರಾಕ್ರಮಕ್ಕೆ ಉಳಿಯುವ ಕೆಲಸವಾದರೂ ಏನು? ಹರಿಯುವ ನೀರಿಗೆ ಬಿದ್ದ ಕಟ್ಟಿಗೆ ಕಡಲು ಸೇರಿದರೆ ಅದನ್ನು ಈಜುಗಾರನೆಂದು ಹೊಗಳುವವರುಂಟೇ?

ಇನ್ನೊಂದು ಮಾತು. ಅವನು ನಮ್ಮ ಕಣ್ಣಿಗೆ ಮೊದಲು ಬೀಳುವುದೇ ಬಿರುಗಾಳಿಯ ನಡುವೆ, ಮೈ ತಣ್ಣಗಾಗಿ ನರಳುತ್ತ, ಎರಡೂ ಕೈಗಳನ್ನು ಆಕಾಶದತ್ತ ಚಾಚಿಕೊಂಡು. ನಾಲ್ಕನೆಯ ಸರ್ಗದಲ್ಲಿ ಕಾರ್ಥೇಜಿನ ರಾಣಿ ಡೈಡೊ ಎದುರು ನಿಂತು ಕೇಳಿದಾಗ, ತಾನು ಇಟಲಿಯನ್ನು ಅರಸಿ ಹೋಗುತ್ತಿರುವುದು ಸ್ವಂತ ಇಚ್ಛೆಯಿಂದಲ್ಲ ಎನ್ನುತ್ತಾನೆ. ಇದನ್ನು ಕರ್ತವ್ಯ ಎನ್ನಬೇಕೋ ನುಣುಚಿಕೊಳ್ಳುವ ನೆಪ ಎನ್ನಬೇಕೋ ನನಗೆ ಬಗೆಹರಿಯಲಿಲ್ಲ. ಇಷ್ಟೆಲ್ಲ ವಿಧೇಯನಾಗಿದ್ದವನು ಕೊನೆಯ ಸರ್ಗದಲ್ಲಿ, ಸೋತು ಪ್ರಾಣಭಿಕ್ಷೆ ಬೇಡುವ ಇಟಲಿಯ ಎದುರಾಳಿ ಟರ್ನಸನನ್ನು ಸಿಟ್ಟಿನಿಂದ ಇರಿದು ಕೊಲ್ಲುತ್ತಾನೆ, ಕಾವ್ಯ ಅಲ್ಲಿಗೇ ನಿಂತುಬಿಡುತ್ತದೆ. ವಿಧಿ, ಕರ್ತವ್ಯ, ವೀರತನ ಈ ಮೂರನ್ನು ರೋಮಿನ ಕವಿಗಳು ಹೇಗೆ ಹೊಂದಿಸಿದರೆಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.


ತಾಳೆಗರಿ:

ನಿಮ್ಮ ಪ್ರಶ್ನೆಯಲ್ಲಿ ಒಂದು ಊಹೆ ಅಡಗಿದೆ. ಮೊದಲು ಅದನ್ನು ಹೊರಗೆಳೆದು ನೋಡೋಣ. ವಿಧಿ ಎಂದೊಡನೆ ನಾವು ಹಣೆಬರಹವನ್ನು ನೆನೆಯುತ್ತೇವೆ. ಅಂದರೆ ಹುಟ್ಟುವಾಗಲೇ ಬರೆದು ಮುಗಿದದ್ದು, ಅಳಿಸಲು ಬಾರದ್ದು, ಪ್ರತಿಯೊಂದು ಹೆಜ್ಜೆಯನ್ನೂ ಒಳಗೊಂಡದ್ದು. ರೋಮನರ ಪದ ‘ಫಾಟುಮ್’. ಅದು ‘ಮಾತಾಡು’ ಎಂಬರ್ಥದ ಧಾತುವಿನಿಂದ ಬಂದದ್ದು. ಆದ್ದರಿಂದ ಅದರ ಮೂಲಾರ್ಥ ‘ನುಡಿಯಲ್ಪಟ್ಟದ್ದು’. ನೀವು ಉದಾಹರಿಸಿದ ಜುಪಿಟರನ ಭಾಷಣದಲ್ಲಿಯೇ ವರ್ಜಿಲ್ ಈ ಸಂಬಂಧವನ್ನು ಎತ್ತಿ ತೋರಿಸುತ್ತಾನೆ: ಜುಪಿಟರ್ ವಿಧಿಯ ಗುಟ್ಟುಗಳನ್ನು ಬಿಚ್ಚುವ ಮುನ್ನ ‘ನುಡಿಯುತ್ತೇನೆ’ ಎಂದು ಹೇಳುವಾಗ ಬಳಸುವುದು ಅದೇ ಧಾತುವನ್ನು. ಕನ್ನಡದಲ್ಲಿ ಇದಕ್ಕೆ ಹತ್ತಿರ ಬರುವುದು ಹಣೆಬರಹವಲ್ಲ, ‘ವಿಧಿ’ ಎಂಬ ಪದವೇ, ಏಕೆಂದರೆ ಅದರಲ್ಲಿ ದೈವ ಎಂಬ ಅರ್ಥದ ಜೊತೆಗೆ ಕಟ್ಟಳೆ, ಆಜ್ಞೆ ಎಂಬ ಅರ್ಥವೂ ಉಳಿದುಕೊಂಡಿದೆ. ಬರಹ ತನ್ನಷ್ಟಕ್ಕೆ ನೆರವೇರುತ್ತದೆ. ಆಜ್ಞೆಗಾದರೆ ಅದನ್ನು ಕೇಳಿಸಿಕೊಳ್ಳುವವನೊಬ್ಬ ಬೇಕು. ಅವನು ತಡಮಾಡಬಹುದು, ಮರೆಯಬಹುದು, ಕಿವುಡನಂತೆ ನಟಿಸಬಹುದು.

ಮರೆಯಬಹುದೆಂದದ್ದು ಅಲಂಕಾರದ ಮಾತಲ್ಲ. ಐದನೆಯ ಸರ್ಗದಲ್ಲಿ ಸಿಸಿಲಿಯ ದಡದಲ್ಲಿ ಅಲೆದಾಟದಿಂದ ದಣಿದ ಟ್ರಾಯ್‌ನ ಹೆಂಗಸರು ಜುಪಿಟರನ ಹೆಂಡತಿ ಜೂನೊಳ ಪ್ರೇರಣೆಯಿಂದ ತಮ್ಮದೇ ಹಡಗುಗಳಿಗೆ ಬೆಂಕಿಯಿಡುತ್ತಾರೆ. ಆಗ ಈನಿಯಾಸ್, ವಿಧಿಯನ್ನು ಮರೆತು ಇಲ್ಲಿಯೇ ನೆಲೆ ನಿಲ್ಲಲೇ, ಇಲ್ಲ ಇಟಲಿಯ ದಡಕ್ಕೆ ಹೊರಡಲೇ ಎಂದು ನಿಜವಾಗಿಯೂ ಹೊಯ್ದಾಡುತ್ತಾನೆ. ‘ವಿಧಿಯನ್ನು ಮರೆತು’ ಎಂಬುದು ಕವಿಯ ಮಾತೇ. ಮುದುಕ ನೌಟೀಸ್ ಬಂದು, ವಿಧಿ ಮುಂದಕ್ಕೆಳೆದರೂ ಹಿಂದಕ್ಕೆಳೆದರೂ ಅದರ ಜೊತೆ ಹೋಗೋಣ, ಏನೇ ಬಂದರೂ ತಾಳಿಕೊಂಡೇ ಗೆಲ್ಲಬೇಕು ಎಂದು ಬುದ್ಧಿ ಹೇಳುತ್ತಾನೆ. ಅಷ್ಟಾದರೂ ಈನಿಯಾಸನ ಚಿಂತೆ ತೀರುವುದಿಲ್ಲ. ತೀರಿಕೊಂಡ ತಂದೆ ಆಂಕೈಸಿಸ್ ರಾತ್ರಿ ಕಾಣಿಸಿಕೊಂಡು ಹೇಳಿದ ಮೇಲೆಯೇ ನಿರ್ಧಾರವಾಗುವುದು. ನೀರಿಗೆ ಬಿದ್ದ ಕಟ್ಟಿಗೆಗೆ ಇಂಥ ರಾತ್ರಿಗಳು ಬರುವುದಿಲ್ಲ.

ಇನ್ನು ವಿಧಿ ಎಷ್ಟನ್ನು ಗೊತ್ತುಮಾಡಿದೆ, ಎಷ್ಟನ್ನು ಬಿಟ್ಟಿದೆ ಎಂಬುದು. ಇದನ್ನು ಅತ್ಯಂತ ಸ್ಪಷ್ಟವಾಗಿ ಹೇಳುವವಳು ಈನಿಯಾಸನ ಶತ್ರುವಾದ ಜೂನೊ. ಏಳನೆಯ ಸರ್ಗದಲ್ಲಿ ಅವಳು ತನ್ನ ಸೋಲನ್ನು ಮೊದಲೇ ಒಪ್ಪಿಕೊಳ್ಳುತ್ತಾಳೆ: ಇಟಲಿಯ ಲ್ಯಾಟಿಯಂ ನಾಡು ಅವನ ಕೈ ಸೇರುವುದನ್ನು ತಡೆಯಲಾರೆ, ಅಲ್ಲಿಯ ರಾಜಕುಮಾರಿ ಲವಿನಿಯಾ ಅವನ ಹೆಂಡತಿಯಾಗುವುದು ಮಾರ್ಪಡದು, ಆದರೆ ಎಳೆದಾಡುವುದಕ್ಕೆ, ತಡವಾಗಿಸುವುದಕ್ಕೆ, ಎರಡು ಜನಾಂಗಗಳ ರಕ್ತವನ್ನು ಚೆಲ್ಲಿಸುವುದಕ್ಕೆ ನನಗೆ ಅಡ್ಡಿಯಿಲ್ಲ. ಎಂಟನೆಯ ಸರ್ಗದಲ್ಲಿ ಬೆಂಕಿಯ ದೇವ ವಲ್ಕನ್ ಇನ್ನೊಂದು ಸೋಜಿಗದ ಮಾತನ್ನು ಹಗುರವಾಗಿ ಆಡಿಬಿಡುತ್ತಾನೆ. ಟ್ರಾಯ್ ಇನ್ನೂ 10 ವರ್ಷ ನಿಲ್ಲುವುದನ್ನು ಜುಪಿಟರನಾಗಲಿ ವಿಧಿಯಾಗಲಿ ನಿಷೇಧಿಸಿರಲಿಲ್ಲವಂತೆ! ಹತ್ತನೆಯ ಸರ್ಗದಲ್ಲಿ ಜೂನೊ ಟರ್ನಸನಿಗಾಗಿ ಬೇಡಿಕೊಂಡಾಗ ಜುಪಿಟರ್ ಸಾವನ್ನು ಮುಂದೂಡಲು ಒಪ್ಪುತ್ತಾನೆ, ರದ್ದುಪಡಿಸಲು ಒಪ್ಪುವುದಿಲ್ಲ. ಹೀಗೆ ತಲುಪಬೇಕಾದ ಊರು ಗೊತ್ತಾಗಿದೆ. ದಾರಿ ಯಾವುದು, ಎಷ್ಟು ದಿನ, ದಾರಿಯಲ್ಲಿ ಎಷ್ಟು ಹೆಣ ಬೀಳಬೇಕು ಎಂಬುದು ಗೊತ್ತಾಗಿಲ್ಲ. ಕಾವ್ಯದ ನೋವೆಲ್ಲ ತುಂಬಿಕೊಂಡಿರುವುದು ಹೀಗೆ ಗೊತ್ತಾಗದೆ ಉಳಿದ ಜಾಗದಲ್ಲಿ.

ಡೈಡೊಳ ಸಾವನ್ನೇ ನೋಡಿ. ನಾಲ್ಕನೆಯ ಸರ್ಗದ ಕೊನೆಯ ಕೆಲವು ಸಾಲುಗಳಲ್ಲಿ ಅವಳ ಪ್ರಾಣ ಹೋಗದೆ ಒದ್ದಾಡುತ್ತದೆ. ಕವಿ ಕೊಡುವ ಕಾರಣವೇನೆಂದರೆ, ಅವಳು ಸಾಯುತ್ತಿದ್ದದ್ದು ವಿಧಿಯಿಂದಲೂ ಅಲ್ಲ, ತಾನು ಮಾಡಿದ್ದಕ್ಕೆ ತಕ್ಕ ಸಾವಿನಿಂದಲೂ ಅಲ್ಲ, ದಿನ ತುಂಬುವ ಮೊದಲೇ, ದಿಢೀರೆಂದು ಕೆರಳಿದ ಉನ್ಮಾದದಿಂದ. ವಿಧಿಯ ಕಾವ್ಯವೆಂದು ಹೆಸರಾದ ಕೃತಿಯಲ್ಲಿ ಎಲ್ಲರಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುವ ಸಾವು ವಿಧಿಯ ಲೆಕ್ಕಕ್ಕೆ ಸೇರಿದ್ದಲ್ಲ. ಹಾಗಿದ್ದ ಮೇಲೆ ಅದರ ಹೊಣೆ ಯಾರಾದರೊಬ್ಬರು ಹೊರಲೇಬೇಕಲ್ಲವೇ?

ಹೋಮರನೊಡನೆ ಒಂದು ಹೋಲಿಕೆ ಕೊಟ್ಟು ನಿಲ್ಲಿಸುತ್ತೇನೆ. ಇಲಿಯಡ್‌ನ ಅಕಿಲೀಸನ ಮುಂದೆ ಎರಡು ವಿಧಿಗಳಿದ್ದವು: ಟ್ರಾಯ್‌ನಲ್ಲಿ ಉಳಿದು ಕಾದಿದರೆ ಅಲ್ಪಾಯುಷ್ಯ ಮತ್ತು ಅಳಿಯದ ಕೀರ್ತಿ, ಮನೆಗೆ ಮರಳಿದರೆ ಕೀರ್ತಿಯಿಲ್ಲದ ದೀರ್ಘಾಯುಷ್ಯ. ಅವನ ವೀರತನ ಆಯ್ಕೆಯಲ್ಲಿದೆ. ಈನಿಯಾಸನ ಮುಂದೆ ಎರಡನೆಯ ವಿಧಿಯೆಂಬುದು ಇಲ್ಲ. ಅವನಿಗೆ ಇರುವುದು, ತಾನು ಆರಿಸಿಕೊಳ್ಳದ ಒಂದನ್ನು ತನ್ನದೆಂದು ಒಪ್ಪಿಕೊಳ್ಳುವ ಅಥವಾ ಒಪ್ಪಿಕೊಳ್ಳಲಾರದೆ ತಳ್ಳಾಡುವ ಅವಕಾಶ ಮಾತ್ರ. ಅದು ಬೇರೆ ಬಗೆಯ ಧೈರ್ಯವನ್ನು ಬೇಡುತ್ತದೆಂದು ನನ್ನ ಅನಿಸಿಕೆ.


ಪದಶೋಧ:

ತಾಳೆಗರಿಯವರು ‘ಹೊಣೆ’ ಎಂಬ ಪದವನ್ನು ತಂದದ್ದು ನನಗೆ ಅನುಕೂಲವಾಯಿತು. ವರ್ಜಿಲ್ ತನ್ನ ನಾಯಕನಿಗೆ ಕೊಡುವ ಗುಣವಿಶೇಷಣ ‘ಪಿಯುಸ್’. ಆ ಗುಣದ ಹೆಸರು ‘ಪಿಯೆಟಾಸ್’. ಇದನ್ನು ಕನ್ನಡಕ್ಕೆ ತರಲು ನಾನು ಹಲವು ಬಾರಿ ಪ್ರಯತ್ನಿಸಿ ಸೋತಿದ್ದೇನೆ. ಭಕ್ತಿಯೆಂದರೆ ದೇವರ ಕಡೆಗೆ ಮಾತ್ರ ವಾಲುತ್ತದೆ. ಧರ್ಮವೆಂದರೆ ತೀರ ಅಗಲವಾಗುತ್ತದೆ. ರೋಮನರ ಪದದಲ್ಲಿ ಇಲ್ಲದ ಎಷ್ಟೋ ಸಂಗತಿಗಳು ಅದರ ಜೊತೆ ಬಂದು ಕೂರುತ್ತವೆ. ಕರ್ತವ್ಯನಿಷ್ಠೆಯೆಂದರೆ ಕಚೇರಿಯ ವಾಸನೆ ಬರುತ್ತದೆ. ದೇವತೆಗಳಿಗೆ, ಹೆತ್ತವರಿಗೂ ಮಕ್ಕಳಿಗೂ, ನಾಡಿಗೆ, ಒಡನಾಡಿಗಳಿಗೆ ಒಬ್ಬನು ಏನೇನು ಸಲ್ಲಿಸಬೇಕೋ ಅದೆಲ್ಲವನ್ನೂ ಒಂದೇ ಪದ ಹಿಡಿದಿಟ್ಟುಕೊಂಡಿದೆ. ಕೊನೆಗೆ ನನಗೆ ಒಗ್ಗಿದ್ದು ‘ಹೊಣೆ’. ಕಾರಣ, ನಾವು ಹೊಣೆಯನ್ನು ಹೊರುತ್ತೇವೆ. ವರ್ಜಿಲನ ನಾಯಕನೂ ಅದನ್ನು ಹೊರುತ್ತಾನೆ, ಮಾತಿಗೆ ಹೇಳಿದಂತಲ್ಲ, ಮೈಯಿಂದಲೇ.

ಎರಡನೆಯ ಸರ್ಗದ ಕೊನೆಯನ್ನು ನೆನಪಿಸಿಕೊಳ್ಳಿ. ಉರಿಯುತ್ತಿರುವ ಟ್ರಾಯ್‌ನಿಂದ ಹೊರಡುವಾಗ ಅವನು ಹೆಗಲ ಮೇಲೆ ಸಿಂಹದ ಚರ್ಮವನ್ನು ಹೊದ್ದು ಕುಂಟ ತಂದೆಯನ್ನು ಹೊತ್ತುಕೊಳ್ಳುತ್ತಾನೆ. ತನ್ನ ಕೈಗೆ ರಕ್ತ ಅಂಟಿರುವುದರಿಂದ ಕುಲದೇವತೆಗಳನ್ನು ತಂದೆಯ ಕೈಗೆ ಕೊಡುತ್ತಾನೆ. ಪುಟ್ಟ ಮಗ ಬಲಗೈ ಹಿಡಿದು, ತಂದೆಯ ಹೆಜ್ಜೆಗೆ ಸರಿಸಮವಾಗದ ಹೆಜ್ಜೆಯಿಡುತ್ತ ಬರುತ್ತಾನೆ. ಹೆಂಡತಿ ಕ್ರೆಯೂಸಾ ಹಿಂದಿನಿಂದ ಬರುತ್ತಾಳೆ. ಆಮೇಲೆ ತಿರುಗಿ ನೋಡಿದಾಗ ಅವಳಿಲ್ಲ. ಹೊಣೆಯ ಈ ಚಿತ್ರದಲ್ಲಿಯೇ ಹೊರಲಾಗದೆ ಬಿಟ್ಟುಹೋದದ್ದೊಂದಿದೆ. ರೋಮಿನಲ್ಲಿ ಇದು ಕಾವ್ಯಕ್ಕಿಂತ ಮೊದಲೇ ಪ್ರಸಿದ್ಧವಾಗಿದ್ದ ಚಿತ್ರ: ಕ್ರಿ.ಪೂ. 47ರ ಸುಮಾರಿಗೆ ಜೂಲಿಯಸ್ ಸೀಸರ್ ಅಚ್ಚು ಹಾಕಿಸಿದ ಬೆಳ್ಳಿಯ ನಾಣ್ಯದ ಒಂದು ಮುಖದಲ್ಲಿ ತಂದೆಯನ್ನು ಹೊತ್ತು ನಡೆಯುವ ಈನಿಯಾಸನಿದ್ದಾನೆ, ಏಕೆಂದರೆ ಸೀಸರನ ಕುಲ ತನ್ನನ್ನು ಅವನ ಮತ್ತು ವೀನಸಳ ಸಂತತಿಯೆಂದು ಹೇಳಿಕೊಳ್ಳುತ್ತಿತ್ತು. ನಾಣ್ಯದಲ್ಲಿ ಮಗನೂ ಇಲ್ಲ, ಹೆಂಡತಿಯೂ ಇಲ್ಲ. ಕ್ರೆಯೂಸಾಳನ್ನು ನೆನೆದು ಮರಳಿ ಉರಿಯುವ ಊರಿಗೆ ಓಡಿಹೋಗುವ ಈನಿಯಾಸ್ ಸಿಗುವುದು ಕಾವ್ಯದಲ್ಲಿ ಮಾತ್ರ.

ಎಂಟನೆಯ ಸರ್ಗದ ಕೊನೆಗೆ ಅದೇ ಹೆಗಲು ಮತ್ತೆ ಬರುತ್ತದೆ. ವಲ್ಕನ್ ಮಾಡಿಕೊಟ್ಟ ಗುರಾಣಿಯ ಮೇಲೆ ರೊಮುಲಸನಿಂದ ಹಿಡಿದು ಕ್ರಿ.ಪೂ. 31ರ ಆಕ್ಟಿಯಂ ನೌಕಾಯುದ್ಧದವರೆಗಿನ ರೋಮಿನ ಚರಿತ್ರೆಯೆಲ್ಲ ಕೆತ್ತಿದೆ. ಅದೇನೆಂದು ಈನಿಯಾಸನಿಗೆ ತಿಳಿಯದು, ಚಿತ್ರಗಳ ಅಂದಕ್ಕೆ ಮನಸೋಲುತ್ತಾನೆ, ಮತ್ತು ತನ್ನ ಮರಿಮಕ್ಕಳ ಕೀರ್ತಿಯನ್ನೂ ವಿಧಿಯನ್ನೂ ಎತ್ತಿ ಹೆಗಲಿಗೇರಿಸಿಕೊಳ್ಳುತ್ತಾನೆ. ಮುಗಿದುಹೋದ ಕಾಲವನ್ನು ಹೊತ್ತ ಹೆಗಲಿಗೆ ಬರಲಿರುವ ಕಾಲವೂ ಏರಿತು. ಇವೆರಡರ ನಡುವೆ ಅವನದೇ ಆದ ಬದುಕಿಗೆ ಜಾಗ ಎಷ್ಟು ಉಳಿಯಿತು ಎಂದು ಯಾರಾದರೂ ಕೇಳಿದರೆ, ನಾನು ಕಾರ್ಥೇಜಿನ ಒಂದು ಚಳಿಗಾಲವನ್ನು ತೋರಿಸುತ್ತೇನೆ.

ಬಿರುಗಾಳಿಯಲ್ಲಿ ನಡುಗಿದ ಪ್ರಸಂಗಕ್ಕೂ ಒಂದು ಮಾತು ಸೇರಿಸಬೇಕು. ಅವನು ಅಲ್ಲಿ ಬದುಕನ್ನು ಬೇಡುತ್ತಿಲ್ಲ. ಟ್ರಾಯ್‌ನ ಕೋಟೆಯ ಕೆಳಗೆ, ತಂದೆಯರ ಕಣ್ಣೆದುರಿಗೆ ಸತ್ತವರು ಮೂರು ಪಾಲು ನಾಲ್ಕು ಪಾಲು ಪುಣ್ಯವಂತರು ಎನ್ನುತ್ತಾನೆ. ಅಂದರೆ ಹಳೆಯ ಬಗೆಯ ವೀರಮರಣ ತನಗೆ ದಕ್ಕಲಿಲ್ಲವೆಂಬುದೇ ಅವನ ಕೊರಗು. ಟ್ರಾಯ್ ಬಿದ್ದ ರಾತ್ರಿ, ಓಡಿಹೋಗೆಂದು ಟ್ರಾಯ್‌ನ ಮಡಿದ ವೀರ ಹೆಕ್ಟರನ ಪ್ರೇತ ಕನಸಿನಲ್ಲಿ ಬಂದು ಹೇಳಿದರೂ ಆಯುಧ ಹಿಡಿದು ಸಾಯುವುದೇ ಚೆಂದವೆಂದು ಅವನು ಬೀದಿಗೆ ನುಗ್ಗಿದ್ದ. ಸಾಯುವುದು ಅವನಿಗೆ ಸುಲಭವಾಗಿತ್ತು, ಬದುಕಿ ಉಳಿಯುವುದನ್ನು ಅವನು ಕಲಿಯಬೇಕಾಯಿತು. ನಿಮ್ಮ ‘ನೆಪವೇ ಕರ್ತವ್ಯವೇ’ ಎಂಬ ಪ್ರಶ್ನೆಗೂ ಉತ್ತರ ಇಲ್ಲಿಯೇ ಇರಬಹುದು. ಡೈಡೊ ಬಯ್ದು ಒಳಗೆ ಹೋದ ಮೇಲೆ, ಅವಳನ್ನು ಸಂತೈಸಲು ಹಂಬಲಿಸುತ್ತ, ಪ್ರೇಮದಿಂದ ಮನಸ್ಸು ಕಂಪಿಸುತ್ತಿದ್ದರೂ ಅವನು ಹಡಗುಗಳತ್ತ ತಿರುಗುತ್ತಾನೆ. ಕವಿ ಆ ಸರ್ಗದಲ್ಲಿ ‘ಪಿಯುಸ್’ ಎಂಬ ಮಾತನ್ನು ಅವನಿಗೆ ಮರಳಿ ಕೊಡುವುದು ಆ ಕ್ಷಣದಲ್ಲಿ. ಮುಂದೆ ಬಿರುಗಾಳಿಗೆ ಸಿಕ್ಕ ಓಕ್ ಮರದ ಉಪಮೆ ಬರುತ್ತದೆ: ಎಲೆ ಉದುರುತ್ತದೆ, ಕಾಂಡ ನರಳುತ್ತದೆ, ಬೇರು ಬಿಡುವುದಿಲ್ಲ. ಮನಸ್ಸು ಅಲುಗದೆ ನಿಂತಿತು, ಕಣ್ಣೀರು ವ್ಯರ್ಥವಾಗಿ ಉರುಳಿತು ಎಂದು ಕವಿ ಮುಗಿಸುತ್ತಾನೆ. ಯಾರ ಕಣ್ಣೀರೆಂದು ಹೇಳುವುದಿಲ್ಲ. ಈ ಸಾಲನ್ನು ಅನುವಾದಿಸುವವರು ‘ಅವನ’ ಎಂದೋ ‘ಅವಳ’ ಎಂದೋ ಸೇರಿಸಿದರೆ ಕವಿ ಮುಚ್ಚಿಟ್ಟದ್ದನ್ನು ತೆರೆದಂತಾಗುತ್ತದೆ, ದಯವಿಟ್ಟು ಸೇರಿಸಬೇಡಿ.


ಪ್ರತಿವಾದಿ:

ಮೇಲಿನ ಇಬ್ಬರೂ ಬಹಳ ಚೆನ್ನಾಗಿ ಬರೆದಿದ್ದಾರೆ, ಆದರೆ ಪ್ರಶ್ನೆಯ ಕೊನೆಯ ಭಾಗವನ್ನು ಜಾಣತನದಿಂದ ದಾಟಿಹೋಗಿದ್ದಾರೆ. ತಾಳಿಕೊಳ್ಳುವ ಈನಿಯಾಸನನ್ನು ಹೊಗಳುವುದು ಸುಲಭ. ಕೊಲ್ಲುವ ಈನಿಯಾಸನನ್ನು ಏನು ಮಾಡೋಣ?

ತಾಳೆಗರಿಯವರ ತರ್ಕವನ್ನೇ ಕೊನೆಯವರೆಗೆ ಎಳೆದುಕೊಂಡು ಹೋಗುತ್ತೇನೆ. ಹನ್ನೆರಡನೆಯ ಸರ್ಗದಲ್ಲಿ ಅಂತಿಮ ದ್ವಂದ್ವ ಮುಗಿಯುವ ಮೊದಲೇ ಮೇಲೆ ಜುಪಿಟರನಿಗೂ ಜೂನೊಳಿಗೂ ಒಪ್ಪಂದವಾಗುತ್ತದೆ. ಟ್ರಾಯ್‌ನ ಹೆಸರು ಅಳಿಯಲಿ, ಲ್ಯಾಟಿನರ ನುಡಿಯೂ ಉಡುಗೆಯೂ ಉಳಿಯಲಿ, ಎರಡು ಜನಾಂಗಗಳೂ ಬೆರೆಯಲಿ ಎಂದು ಜೂನೊ ಕೇಳುತ್ತಾಳೆ, ಜುಪಿಟರ್ ನಗುತ್ತ ಒಪ್ಪುತ್ತಾನೆ. ವಿಧಿಗೆ ಸಂಬಂಧಿಸಿದ ವ್ಯವಹಾರ ಅಲ್ಲಿಗೆ ಮುಗಿಯಿತು. ಕೆಳಗೆ ಟರ್ನಸ್ ತೊಡೆಗೆ ಈಟಿ ನಾಟಿ ಮಂಡಿಯೂರಿ ಬಿದ್ದಿದ್ದಾನೆ. ನೀನು ಗೆದ್ದೆ, ಸೋತವನು ಕೈ ಚಾಚಿದ್ದನ್ನು ಎಲ್ಲರೂ ನೋಡಿದರು, ಲವಿನಿಯಾ ನಿನ್ನವಳು ಎಂದು ತಾನೇ ಹೇಳಿದ್ದಾನೆ. ರೋಮ್ ಹುಟ್ಟಬೇಕಾದರೆ ಇನ್ನು ಅವನು ಸಾಯಲೇಬೇಕೆಂದೇನೂ ಇಲ್ಲ. ಆರನೆಯ ಸರ್ಗದಲ್ಲಿ ಪಾತಾಳದಲ್ಲಿ ಆಂಕೈಸಿಸ್, ಶರಣಾದವರನ್ನು ಉಳಿಸುವುದು ಮತ್ತು ಸೊಕ್ಕಿದವರನ್ನು ಕಾದಿ ಬಗ್ಗಿಸುವುದು ರೋಮನನ ಕಲೆಯೆಂದು ಉಪದೇಶಿಸಿದ್ದ. ಸೊಕ್ಕಿದವನು ಬಗ್ಗಿದ್ದಾಯಿತು. ಉಳಿಸುವುದೊಂದೇ ಬಾಕಿ. ಈನಿಯಾಸ್ ಕೈ ತಡೆದು, ಕಣ್ಣು ಹೊರಳಿಸುತ್ತ ನಿಲ್ಲುತ್ತಾನೆ. ಮಾತು ಅವನನ್ನು ಮೆಲ್ಲಮೆಲ್ಲಗೆ ಕರಗಿಸುತ್ತಿದೆ.

ಆಗ ಟರ್ನಸನ ಹೆಗಲ ಮೇಲಿನ ಪಟ್ಟಿ ಕಣ್ಣಿಗೆ ಬೀಳುತ್ತದೆ. ಅದು ಟರ್ನಸ್ ಕೊಂದ, ಈನಿಯಾಸನ ಪಕ್ಷದ ಹುಡುಗ ಪಲ್ಲಾಸನ ಪಟ್ಟಿ. ಉನ್ಮಾದದಿಂದ ಹೊತ್ತಿಕೊಂಡು, ಸಿಟ್ಟಿನಿಂದ ಭೀಕರನಾಗಿ, ನಿನ್ನನ್ನು ಬಲಿ ಕೊಡುತ್ತಿರುವವನು ಪಲ್ಲಾಸ್ ಎಂದು ಕೂಗಿ ಕತ್ತಿಯನ್ನು ಎದೆಯಲ್ಲಿ ಹುದುಗಿಸುತ್ತಾನೆ. ಈ ಉನ್ಮಾದ ಯಾವುದೆಂದು ಗಮನಿಸಿ. ಅದು ಹನ್ನೆರಡು ಸರ್ಗಗಳ ಉದ್ದಕ್ಕೂ ಜೂನೊಳ ಪಕ್ಷದ್ದು: ಡೈಡೊಳನ್ನು ಸುಟ್ಟದ್ದು ಅದು, ಟರ್ನಸನನ್ನು ಯುದ್ಧಕ್ಕೆಬ್ಬಿಸಿದ್ದು ಅದು, ಮೊದಲ ಸರ್ಗದ ಭವಿಷ್ಯವಾಣಿಯ ಪ್ರಕಾರ ಕೊನೆಗೆ ನೂರು ಕಂಚಿನ ಗಂಟುಗಳಲ್ಲಿ ಸೆರೆಯಾಗಬೇಕಾದದ್ದೂ ಅದು. ಕಾವ್ಯ ಮುಗಿಯುವಾಗ ಅದು ಸೆರೆಮನೆಯಲ್ಲಿಲ್ಲ, ನಾಯಕನ ಎದೆಯೊಳಗಿದೆ. ನನ್ನ ವಾದ ಇಷ್ಟೇ: ವಿಧಿಯೂ ದೇವತೆಗಳೂ ಈನಿಯಾಸನನ್ನು ಸಂಪೂರ್ಣವಾಗಿ ಅವನ ಪಾಡಿಗೆ ಬಿಟ್ಟ ಕ್ಷಣವೆಂದರೆ ಇದು, ಆ ಸ್ವಾತಂತ್ರ್ಯದಿಂದ ಅವನು ಮಾಡಿದ್ದು ಈ ಕೆಲಸ.

ಒಂದು ಪದದ ವಿಚಾರ ಹೇಳದೆ ಇರಲಾರೆ. ಕತ್ತಿಯನ್ನು ಹುದುಗಿಸಿದ ಎನ್ನಲು ವರ್ಜಿಲ್ ಬಳಸುವ ಕ್ರಿಯಾಪದ, ಮೊದಲ ಸರ್ಗದ ಆರಂಭದಲ್ಲಿ ನಗರವನ್ನು ಸ್ಥಾಪಿಸುವವರೆಗೆ, ರೋಮನ್ ಜನಾಂಗವನ್ನು ಸ್ಥಾಪಿಸುವುದು ಎಷ್ಟು ಭಾರದ ಕೆಲಸವಾಗಿತ್ತು ಎನ್ನುವಲ್ಲಿ ಬಳಸಿದ ಕ್ರಿಯಾಪದವೇ. ಅದಕ್ಕೆ ಸ್ಥಾಪಿಸು ಎಂಬ ಅರ್ಥವೂ ಇದೆ, ಹೂಳು ಎಂಬ ಅರ್ಥವೂ ಇದೆ. ಕನ್ನಡದಲ್ಲಿ ‘ನಾಟು’ ಎಂಬುದು ಇದರ ಹತ್ತಿರಕ್ಕೆ ಬರುತ್ತದೆ. ಸಸಿಯನ್ನೂ ನಾಟುತ್ತೇವೆ, ಬಾಣವೂ ಎದೆಗೆ ನಾಟುತ್ತದೆ.


ಪದಶೋಧ:

ಪ್ರತಿವಾದಿಯವರ ಪದಶೋಧನೆಗೆ ನಾನು ತಲೆಬಾಗುತ್ತೇನೆ, ತೀರ್ಮಾನಕ್ಕಲ್ಲ. ಅವರು ಒಬ್ಬ ತಂದೆಯ ಮಾತನ್ನು ನೆನಪಿಸಿದರು. ಕಾವ್ಯದಲ್ಲಿ ಇನ್ನೊಬ್ಬ ತಂದೆಯಿದ್ದಾನೆ. ಮುದುಕ ಇವಾಂಡರ್ ತನ್ನ ಒಬ್ಬನೇ ಮಗನನ್ನು, ಯುದ್ಧವನ್ನು ಕಲಿಯಲೆಂದು ಈನಿಯಾಸನ ಜೊತೆ ಕಳಿಸಿಕೊಟ್ಟಿದ್ದ. ಆ ಮಗನ ಹೆಣ ಮನೆಗೆ ಬಂದಾಗ, ಹನ್ನೊಂದನೆಯ ಸರ್ಗದಲ್ಲಿ, ಅವನು ಈನಿಯಾಸನಿಗೆ ಹೇಳಿಕಳಿಸುವ ಮಾತು ಇದು: ಪಲ್ಲಾಸ್ ಹೋದ ಮೇಲೂ ನಾನು ಈ ಹೇಸಿದ ಬಾಳನ್ನು ಬಾಳುತ್ತಿರುವುದು ನಿನ್ನ ಬಲಗೈಯ ಸಲುವಾಗಿ, ಮಗನಿಗೂ ತಂದೆಗೂ ಟರ್ನಸನನ್ನು ಸಲ್ಲಿಸುವ ಸಾಲ ಅದರ ಮೇಲಿದೆ. ಲ್ಯಾಟಿನ್‌ನಲ್ಲಿ ಇರುವುದು ಸಾಲ ತೀರಿಸಬೇಕಾಗಿದೆ ಎನ್ನುವಾಗ ಬಳಸುವ ಕ್ರಿಯಾಪದವೇ. ನಾವು ಋಣವೆನ್ನುವುದು ಇದನ್ನೇ.

ಆದ್ದರಿಂದ ಕೊನೆಯ ಕ್ಷಣದಲ್ಲಿ ಒಂದು ಕಡೆ ಹೊಣೆ, ಇನ್ನೊಂದು ಕಡೆ ಸಿಟ್ಟು ನಿಂತಿವೆಯೆಂಬ ಚಿತ್ರ ಸರಿಯಲ್ಲ. ಎರಡು ಹೊಣೆಗಳು ಎದುರುಬದುರಾಗಿ ನಿಂತಿವೆ. ಆಂಕೈಸಿಸ್ ಉಳಿಸು ಎನ್ನುತ್ತಾನೆ, ಇವಾಂಡರ್ ತೀರಿಸು ಎನ್ನುತ್ತಾನೆ. ಟರ್ನಸ್ ಬೇಡಿಕೊಳ್ಳುವುದೂ ತಂದೆಯರ ಹೆಸರಿನಲ್ಲಿಯೇ: ನಿನಗೂ ಆಂಕೈಸಿಸ್‌ನಂಥ ತಂದೆಯಿದ್ದ, ನನ್ನ ಮುದಿ ತಂದೆ ಡೌನಸನ ಮೇಲೆ ಕರುಣೆ ತೋರು ಎಂದು. ಹೀಗೆ ಮೂವರು ಮುದುಕರು ಆ ಕತ್ತಿಯ ಸುತ್ತ ನಿಂತಿದ್ದಾರೆ, ಅವರಲ್ಲಿ ಯಾರೂ ಆ ಜಾಗದಲ್ಲಿಲ್ಲ. ಆ ಕಾಲದ ರೋಮಿನಲ್ಲಿ ಸೇಡು ತೀರಿಸುವುದು ಪಿಯೆಟಾಸ್‌ನ ಹೊರಗಿನದಾಗಿರಲಿಲ್ಲ ಎಂಬುದನ್ನೂ ಮರೆಯಬಾರದು. ವರ್ಜಿಲನ ಆಶ್ರಯದಾತ ಅಗಸ್ಟಸ್ ರಾಜಕೀಯಕ್ಕೆ ಬಂದದ್ದೇ ಕೊಲೆಯಾದ ದತ್ತುತಂದೆ ಸೀಸರನ ಸೇಡು ತೀರಿಸುವ ಮಗನಾಗಿ. ಸೇಡಿನ ದೇವನಾದ ಮಾರ್ಸ್‌ಗೆ ದೇವಾಲಯ ಕಟ್ಟಿಸುವೆನೆಂದು ಕ್ರಿ.ಪೂ. 42ರ ಫಿಲಿಪ್ಪಿ ಯುದ್ಧದಲ್ಲಿ ಹರಕೆ ಹೊತ್ತು, ಕ್ರಿ.ಪೂ. 2ರಲ್ಲಿ ಅದನ್ನು ಸಲ್ಲಿಸಿದವನು ಅವನು.

ಒಂದನ್ನು ಮಾತ್ರ ಒಪ್ಪುತ್ತೇನೆ. ಹತ್ತನೆಯ ಸರ್ಗದಲ್ಲಿ ಪಲ್ಲಾಸನ ಚಿತೆಗೆ ಬಲಿ ಕೊಡಲು ಎಂಟು ಯುವಕರನ್ನು ಜೀವಂತ ಹಿಡಿಸುವ, ಕಾಲು ಹಿಡಿದು ಬೇಡುವ ಮೇಗಸನ ಕುತ್ತಿಗೆಗೆ ಕತ್ತಿ ಹಾಕುವ ಈನಿಯಾಸನಿಗೆ ನನ್ನ ಬಳಿ ಸಮರ್ಥನೆಯಿಲ್ಲ.


ರೋಮಕಥೆ:

ಚರ್ಚೆ ಈನಿಯಡ್‌ನಲ್ಲಿಯೇ ಸುತ್ತುತ್ತಿದೆ. ಪ್ರಶ್ನೆ ಕೇಳಿದವರು ‘ರೋಮಿನ ಕವಿಗಳು’ ಎಂದಿದ್ದರು. ವರ್ಜಿಲನ ನಂತರದವರು ಇದೇ ಮೂರು ಎಳೆಗಳನ್ನು ಹೇಗೆ ಕಡಿದುಹಾಕಿದರೆಂದು ನೋಡಿದರೆ, ಅವನು ಅವನ್ನು ಎಷ್ಟು ಕಷ್ಟಪಟ್ಟು ಹೆಣೆದಿದ್ದನೆಂಬುದು ತಿಳಿಯುತ್ತದೆ.

ಲೂಕನ್ ತತ್ತ್ವಜ್ಞಾನಿ ಸೆನೆಕಾನ ತಮ್ಮನ ಮಗ, ಕ್ರಿ.ಶ. 39ರಲ್ಲಿ ಹುಟ್ಟಿ, ನೀರೊ ವಿರುದ್ಧದ ಒಳಸಂಚಿನಲ್ಲಿ ಸಿಕ್ಕಿಬಿದ್ದು 65ರಲ್ಲಿ ಆತ್ಮಹತ್ಯೆ ಮಾಡಿಕೊಳ್ಳಬೇಕಾಯಿತು. ಅವನ ಮಹಾಕಾವ್ಯದ ವಸ್ತು ಸೀಸರನಿಗೂ ಪಾಂಪೆಗೂ ನಡೆದ ಅಂತರ್ಯುದ್ಧ, ಅದರ ನಡುಬಿಂದು ಕ್ರಿ.ಪೂ. 48ರ ಫಾರ್ಸಲಸ್ ಕಾಳಗ. ಅದರಲ್ಲಿ ಜುಪಿಟರನೂ ಜೂನೊಳೂ ಬಂದು ಕಥೆಯನ್ನು ನಡೆಸುವುದಿಲ್ಲ. ಉಳಿದಿರುವುದು ಕುರುಡು ಅದೃಷ್ಟ ಮತ್ತು ಬೀಳಲೇಬೇಕಾದ ರೋಮ್. ಗೆದ್ದ ಪಕ್ಷ ದೇವತೆಗಳಿಗೆ ಮೆಚ್ಚುಗೆಯಾಯಿತು, ಸೋತ ಪಕ್ಷ ಕೇಟೊಗೆ ಮೆಚ್ಚುಗೆಯಾಯಿತು ಎಂಬ ಅವನ ಸಾಲು ಪ್ರಸಿದ್ಧ; ಕೇಟೊ ಎಂದರೆ ಸೀಸರನನ್ನು ವಿರೋಧಿಸಿದ ರೋಮನ್ ಮುಖಂಡ. ಒಬ್ಬ ಮನುಷ್ಯನನ್ನು ದೇವತೆಗಳೆಲ್ಲರ ಎದುರು ತಕ್ಕಡಿಯಲ್ಲಿಟ್ಟು ತೂಗಿದಂಥ ಸಾಲು.

ವೀರತನದ ಬಗ್ಗೆ ಲೂಕನ್‌ನ ನಿಲುವು ಆರನೆಯ ಸರ್ಗದ ಸ್ಕೇವಾ ಎಂಬ ಸೈನಿಕನ ಪ್ರಸಂಗದಲ್ಲಿದೆ. ಡಿರಾಕಿಯಂ ಬಳಿ ಸೀಸರನ ಈ ಶತಾಧಿಪತಿ ಒಂಟಿಯಾಗಿ ಪಾಂಪೆಯ ದಂಡನ್ನು ತಡೆದು ನಿಲ್ಲಿಸುತ್ತಾನೆ. ಇವನು ಕವಿಯ ಕಲ್ಪನೆಯಲ್ಲ. ಅವನ ಗುರಾಣಿಯಲ್ಲಿ 120 ತೂತುಗಳನ್ನು ಎಣಿಸಲಾಯಿತೆಂದು ಸೀಸರನೇ ಬರೆದಿಟ್ಟಿದ್ದಾನೆ. ಹಳೆಯ ಕಾವ್ಯವಾಗಿದ್ದರೆ ಇದು ಹೊಗಳಿಕೆಯ ಸುರಿಮಳೆಗೆ ತಕ್ಕ ಜಾಗ. ಲೂಕನ್ ಹೇಳುವುದು, ಅಂತರ್ಯುದ್ಧದಲ್ಲಿ ಶೌರ್ಯ ಎಷ್ಟು ದೊಡ್ಡ ಅಪರಾಧವೆಂದು ಅವನಿಗೆ ತಿಳಿದಿರಲಿಲ್ಲ ಎಂದು. ಗುಣ ಅದೇ, ಮೈಕಟ್ಟು ಅದೇ, ಧೈರ್ಯ ಅದೇ. ಯಾರಿಗಾಗಿ ಎಂಬುದೊಂದು ತಪ್ಪಿದ್ದರಿಂದ ಎಲ್ಲವೂ ಪಾಪವಾಯಿತು.

ತಾಳೆಗರಿಯವರು ವಿಧಿಯೆಂದರೆ ನುಡಿದದ್ದು ಎಂದರಲ್ಲ, ಅದಕ್ಕೆ ಲೂಕನ್‌ನ ಒಂಬತ್ತನೆಯ ಸರ್ಗದಲ್ಲಿ ಒಂದು ಉತ್ತರವಿದೆ. ಲಿಬಿಯಾದ ಮರುಭೂಮಿಯಲ್ಲಿ ಕೇಟೊನ ಸೇನೆ ಅಮ್ಮೋನ್ ದೇವರ ಗುಡಿಯ ಹತ್ತಿರ ಬಂದಾಗ, ಮುಂದೇನಾಗುವುದೆಂದು ದೇವವಾಣಿಯನ್ನು ಕೇಳೋಣವೆಂದು ಲೇಬಿಯೀನಸ್ ಒತ್ತಾಯಿಸುತ್ತಾನೆ. ಕೇಟೊ ಒಪ್ಪುವುದಿಲ್ಲ. ಹೇಡಿಯೂ ಬೀಳಲೇಬೇಕು, ಧೀರನೂ ಬೀಳಲೇಬೇಕು, ಜುಪಿಟರ್ ಇಷ್ಟು ನುಡಿದಿರುವುದೇ ಸಾಕು ಎಂದು ಮುಂದೆ ನಡೆಯುತ್ತಾನೆ. ಈನಿಯಾಸನಿಗೆ ಪ್ರತಿ ತಿರುವಿನಲ್ಲಿಯೂ ಪ್ರೇತವೋ ಶಕುನವೋ ದೇವದೂತನೋ ಬೇಕಾಗಿದ್ದರು. ಕೇಟೊಗೆ ಯಾರೂ ಬೇಡ. ಅವನನ್ನು ಗೌರವಿಸುತ್ತೇನೆ, ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ ಓದುವಾಗ ಅವನ ಬಗ್ಗೆ ನನಗೆ ಮರುಕ ಹುಟ್ಟಿದ್ದಿಲ್ಲ; ಅಲುಗಾಡದವನಿಗೆ ಏನನ್ನು ಮರುಗುವುದು?

ಲೂಕನ್‌ನ ನಂತರದ ಕವಿ ಸ್ಟೇಷಿಯಸ್ ಇನ್ನೂ ಕಠೋರ. ಡೊಮಿಷಿಯನ್ ಚಕ್ರವರ್ತಿಯ ಕಾಲದಲ್ಲಿ, ತನ್ನ ಮಾತಿನ ಪ್ರಕಾರ 12 ವರ್ಷ ದುಡಿದು, ಥೀಬ್ಸ್ ನಗರಕ್ಕಾಗಿ ಕಾದಾಡಿದ ಅಣ್ಣತಮ್ಮಂದಿರ ಕಥೆಯನ್ನು ಅವನು ಬರೆದ. ಹನ್ನೊಂದನೆಯ ಸರ್ಗದಲ್ಲಿ ಅಣ್ಣತಮ್ಮಂದಿರು ದ್ವಂದ್ವಕ್ಕೆ ಇಳಿಯುವಾಗ ಪಿಯೆಟಾಸ್ ಒಬ್ಬ ದೇವಿಯ ರೂಪದಲ್ಲಿ ಸ್ವತಃ ರಣರಂಗಕ್ಕೆ ಇಳಿಯುತ್ತಾಳೆ. ಸೈನಿಕರ ಕಣ್ಣಲ್ಲಿ ನೀರು ಬರುತ್ತದೆ, ಒಂದು ಕ್ಷಣ ಎಲ್ಲ ನಿಲ್ಲುವಂತೆ ತೋರುತ್ತದೆ. ಅಷ್ಟರಲ್ಲಿ ಟಿಸಿಫೋನಿ ಎಂಬ ಉಗ್ರದೇವತೆ ಬಂದು, ನಿನಗಿಲ್ಲೇನು ಕೆಲಸ, ತಡವಾಗಿ ಬಂದೆ ಎಂದು ಗದರಿಸಿ, ಹಾವನ್ನೂ ಕೊಳ್ಳಿಯನ್ನೂ ಮುಖಕ್ಕೆ ಹಿಡಿದಾಗ ಪಿಯೆಟಾಸ್ ಸೆರಗಿನಿಂದ ಮುಖ ಮುಚ್ಚಿಕೊಂಡು ಓಡಿಹೋಗುತ್ತಾಳೆ. ವರ್ಜಿಲನ ನಾಯಕನ ಗುಣವೇ ಇಲ್ಲಿ ರಣರಂಗದಿಂದ ಹೊರದೂಡಲ್ಪಟ್ಟಿತು. ಅದೇ ಕವಿ ಕೃತಿಯ ಕೊನೆಗೆ ತನ್ನ ಕಾವ್ಯವನ್ನು ಉದ್ದೇಶಿಸಿ, ದಿವ್ಯವಾದ ಈನಿಯಡ್‌ನೊಡನೆ ಸ್ಪರ್ಧಿಸಬೇಡ, ದೂರದಿಂದ ಹಿಂಬಾಲಿಸಿ ಅದರ ಹೆಜ್ಜೆಗಳಿಗೆ ಸದಾ ನಮಿಸು ಎನ್ನುತ್ತಾನೆ. ನಮಿಸುವುದೂ ಕಡಿಯುವುದೂ ಒಂದೇ ಕೈಯಿಂದ!


ಹೊಸ ಓದುಗ:

ಎಲ್ಲರಿಗೂ ಕೃತಜ್ಞತೆಗಳು. ಕಟ್ಟಿಗೆಯ ಹೋಲಿಕೆಯನ್ನು ಹಿಂತೆಗೆದುಕೊಳ್ಳುತ್ತೇನೆ. ಇವಾಂಡರನ ಮಾತನ್ನು ನಾನು ಓದುವಾಗ ಗಮನಿಸಿಯೇ ಇರಲಿಲ್ಲ. ಈಗ ಮರಳಿ ನೋಡಿದರೆ, ಹನ್ನೊಂದನೆಯ ಸರ್ಗದಿಂದಲೇ ಈನಿಯಾಸನ ಕೈ ಅರ್ಧ ಕಟ್ಟಿಹೋಗಿತ್ತೆನಿಸುತ್ತದೆ. ಒಂದು ಚಿಕ್ಕ ಸಂದೇಹ ಉಳಿದಿದೆ. ಕಾವ್ಯವನ್ನು ಪೂರ್ಣಗೊಳಿಸುವ ಮೊದಲೇ ವರ್ಜಿಲ್ ತೀರಿಕೊಂಡನೆಂದು ಮುನ್ನುಡಿಯಲ್ಲಿ ಓದಿದೆ. ಹಾಗಾದರೆ ಆ ಮುಕ್ತಾಯ ಅವನು ಉದ್ದೇಶಿಸಿದ್ದೇ, ಅಥವಾ ಸಾವು ತಂದಿತ್ತದ್ದೇ? ಇನ್ನೊಂದು ಸರ್ಗ ಬರೆದಿದ್ದರೆ ಕ್ಷಮೆಯೋ ಪಶ್ಚಾತ್ತಾಪವೋ ಬರುತ್ತಿತ್ತೇ?


ತಾಳೆಗರಿ:

ವರ್ಜಿಲ್ ಕ್ರಿ.ಪೂ. 19ರಲ್ಲಿ, ಗ್ರೀಸಿನಿಂದ ಮರಳುತ್ತ ಬ್ರಂಡಿಸಿಯಂನಲ್ಲಿ ತೀರಿಕೊಂಡ. ಇನ್ನು 3 ವರ್ಷ ತಿದ್ದುವ ಯೋಚನೆ ಅವನಿಗಿತ್ತೆಂದೂ, ಹಸ್ತಪ್ರತಿಯನ್ನು ಸುಡಬೇಕೆಂದು ಬಯಸಿದ್ದನೆಂದೂ ಪ್ರಾಚೀನ ಜೀವನಚರಿತ್ರೆ ಹೇಳುತ್ತದೆ. ಅಗಸ್ಟಸ್‌ನ ಆಣತಿಯಂತೆ ಗೆಳೆಯರಾದ ವೇರಿಯಸ್ ಮತ್ತು ಟುಕ್ಕಾ ಅದನ್ನು ಹೊರತಂದರು. ತಿದ್ದುಪಡಿ ಮುಗಿದಿರಲಿಲ್ಲವೆಂಬುದಕ್ಕೆ ಗುರುತು, ಕೃತಿಯ ಅಲ್ಲಲ್ಲಿ ಉಳಿದಿರುವ ಐವತ್ತಕ್ಕೂ ಹೆಚ್ಚು ಅರೆಸಾಲುಗಳು. ‘ಇಟಲಿಗೆ ಹೋಗುತ್ತಿರುವುದು ಸ್ವಂತ ಇಚ್ಛೆಯಿಂದಲ್ಲ’ ಎಂದು ನೀವು ಉದಾಹರಿಸಿದ್ದು ಅಂಥದೊಂದು ಅರೆಸಾಲು; ಅವನ ಸಮರ್ಥನೆ ಅಲ್ಲಿ ಸಾಲಿನ ನಡುವೆಯೇ ತುಂಡಾಗಿದೆ. ಕಾವ್ಯದ ಕೊನೆಯ ಸಾಲು ಹಾಗಲ್ಲ, ಅದು ಪೂರ್ತಿಯಾಗಿದೆ. ಪ್ರಾಣವು ನರಳುತ್ತ, ಸಿಡಿಮಿಡಿಗೊಂಡು ನೆರಳುಗಳ ಕೆಳಗೆ ಓಡಿತು ಎಂಬ ಆ ಸಾಲು ಹನ್ನೊಂದನೆಯ ಸರ್ಗದಲ್ಲಿ ವೀರಯುವತಿ ಕಮಿಲಾಳ ಸಾವಿಗೆ ಬಳಸಿದ್ದರ ಅಕ್ಷರಶಃ ಪುನರುಕ್ತಿ. ಆದ್ದರಿಂದ ಈ ಮುಕ್ತಾಯ ಉದ್ದೇಶಪೂರ್ವಕವೆಂದೇ ನಾನು ನಂಬುತ್ತೇನೆ.

ನಿಮ್ಮಂತೆ ಇನ್ನೊಂದು ಸರ್ಗವನ್ನು ಬಯಸಿದವರು ಹಿಂದೆಯೂ ಇದ್ದರು. ಇಟಲಿಯ ಮಾಫೆಯೊ ವೇಜಿಯೊ ಎಂಬ ಯುವಕವಿ 1428ರಲ್ಲಿ ಲ್ಯಾಟಿನ್‌ನಲ್ಲಿಯೇ ಹದಿಮೂರನೆಯ ಸರ್ಗವನ್ನು ಬರೆದ, ಮುದ್ರಣ ಬಂದ ಮೇಲೆ ಅದು ಎಷ್ಟೋ ಆವೃತ್ತಿಗಳಲ್ಲಿ ಮೂಲದ ಜೊತೆಗೆ ಅಚ್ಚಾಯಿತು. ಅದರಲ್ಲಿ ಟರ್ನಸನ ಅಂತ್ಯಕ್ರಿಯೆಯಿದೆ, ಲವಿನಿಯಾಳ ಮದುವೆಯಿದೆ, ಈನಿಯಾಸ್ ನಕ್ಷತ್ರಗಳ ನಡುವೆ ಸೇರುವುದೂ ಇದೆ. ಪ್ರತಿಯೊಬ್ಬರೂ ದೀರ್ಘವಾಗಿ ಭಾಷಣ ಮಾಡುತ್ತಾರೆ. ವರ್ಜಿಲನಲ್ಲಿ ಟರ್ನಸ್ ಸತ್ತ ಮೇಲೆ ಈನಿಯಾಸನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ.